ಇಪ್ಪತ್ತೆಂಟರ ಸುರುಳಿ

ಅಂಗಡಿಯ ಹಿಂದಿನ ಕೋಣೆ,
ಮಂಗಳವಾರ, ತಾರೀಖು ಹದಿನೆಂಟು, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಾ? ಹೆಗಲ ಮೂಳೆ ಸರಿಯಾಗಿ ಕೂಡಿಕೊಂಡಿತೇ? ಪಟ್ಟಿ ಬಿಚ್ಚಿದ ಮೇಲೆ ಕೈ ತಲೆಯವರೆಗೂ ಏಳುತ್ತಿದೆಯೇ, ಇಲ್ಲ ಜಡೆ ಹಾಕಿಸಿಕೊಳ್ಳಲು ಇನ್ನೂ ಕೋಣೆಯ ಗೆಳತಿಯನ್ನೇ ಕಾಡುತ್ತಿದ್ದೀಯಾ? ಡಾಕ್ಟರು ಹೇಳಿದ ವ್ಯಾಯಾಮ ಬಿಡಬೇಡ. ನೋವು ಕಡಿಮೆಯಾದ ಮರುದಿನವೇ ಸೈಕಲ್ ಹತ್ತುವ ಬುದ್ಧಿ ನಿನ್ನದು, ಅದು ನನಗೆ ಗೊತ್ತು. ಇಲ್ಲಿ ನಿನ್ನ ಅತ್ತಿಗೆಗೆ ಒಂದು ವಾರದಿಂದ ನೆಗಡಿ. ಆದರೂ ನನ್ನನ್ನು ಬೈಯಲು ಸಾಕಾಗುವಷ್ಟು ಗಂಟಲು ಉಳಿದಿದೆ. ಅಪ್ಪ ಚೆನ್ನಾಗಿದ್ದಾರೆ ಎಂದು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ಮೇಲಿನ ಕಪ್ಪು ಗೀಟುಗಳು ಅದೇ. ಅಪ್ಪನ ವಿಷಯ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ, ಅದಕ್ಕಾಗಿಯೇ ಈ ಕಾಗದ.

ಅಣ್ಣ ಪೆನ್ನು ಹಿಡಿದನೇ ಎಂದು ಹುಬ್ಬೇರಿಸಬೇಡ. ಫೋನಿನಲ್ಲೇ ಹೇಳಿಬಿಡೋಣವೆಂದು ನಾಲ್ಕು ಸಲ ಹೊರಟೆ. ನೀನು "ಹೇಳಣ್ಣಾ" ಅಂದ ಕೂಡಲೇ ನನ್ನ ನಾಲಿಗೆ ಹವಾಮಾನದ ಕಡೆಗೆ ಓಡಿಹೋಗುತ್ತದೆ. ಹೋದ ವಾರ ಹತ್ತು ನಿಮಿಷ ಮೋಡದ ಬಗ್ಗೆ ಮಾತಾಡಿ ಇಟ್ಟೆನಲ್ಲ, ಅದು ನಾಲ್ಕನೆಯದು. "ಅಣ್ಣಾ, ನೀನು ಯಾವಾಗಿಂದ ಮೋಡ ನೋಡೋಕೆ ಶುರು ಮಾಡಿದೆ?" ಅಂತ ನಕ್ಕೆಯಲ್ಲ, ಆ ನಗು ಇಲ್ಲಿ ಮುಳ್ಳಿನ ಹಾಗೆ ಕೂತಿದೆ.

ಅಜ್ಜಿ ಕಥೆ ಹೇಳುತ್ತಿದ್ದದ್ದು ನೆನಪಿದೆಯೇ? ರಾಜನ ಉಗ್ರಾಣದಲ್ಲಿ ಕಳ್ಳತನವಾದ ಕೂಡಲೇ ನೀನು ಅಜ್ಜಿಯ ಸೆರಗು ಹಿಡಿದು ಜಗ್ಗುತ್ತಿದ್ದೆ. "ಕಳ್ಳ ಯಾರು ಅಂತ ಮೊದ್ಲೇ ಹೇಳಿಬಿಡಜ್ಜಿ, ಆಮೇಲೆ ಕಥೆ ಹೇಳು." ಅಜ್ಜಿಗೆ ಕೋಪ ಬರುತ್ತಿತ್ತು. "ಮೊದ್ಲೇ ಹೇಳಿದ್ರೆ ಆಮೇಲೆ ಏನೇ ಉಳೀತು, ಗುಬ್ಬಚ್ಚಿ?" ಅನ್ನುತ್ತಿದ್ದರು. ನೀನು ಹಟ ಬಿಡುತ್ತಿರಲಿಲ್ಲ. ಕಳ್ಳ ಯಾರೆಂದು ಗೊತ್ತಾದ ಮೇಲೆ ಮಾತ್ರ ನೆಮ್ಮದಿಯಾಗಿ ಕಣ್ಣುಮುಚ್ಚುತ್ತಿದ್ದೆ. ಇವತ್ತು ನಿನ್ನ ರೀತಿಯಲ್ಲೇ ಹೇಳುತ್ತೇನೆ. ಸೈಕಲ್ ಸ್ಪರ್ಧೆಯಲ್ಲಿ ನೀನು ಬಿದ್ದದ್ದು ಅಪ್ಪನ ಕೈಯಿಂದಲ್ಲ. ಆ ಹಿಂದಿನ ಚಕ್ರಕ್ಕೆ ಟೇಪ್ ಸುತ್ತಿದವನು ನಾನು. ಕಳ್ಳ ನಾನು.

ಬರೆದಾಯಿತು. ಈಗ ಕಥೆ.

ಸ್ಪರ್ಧೆಗೆ ಹತ್ತು ದಿನ ಇರುವಾಗ ನೀನು ಎರಡು ಚಕ್ರ ಕಳಿಸಿದೆ. ಟ್ಯೂಬ್ ಇಲ್ಲದ ಚಕ್ರಗಳು, ಹೊಸ ರಿಮ್ಮು, ಒಳಗೆ ಕನ್ನಡಿಯಂಥ ಹೊಳಪು. ಜೊತೆಗೆ ಒಂದು ಚೀಟಿ: "ಎರಡಕ್ಕೂ ಅಪ್ಪನೇ ಟೇಪ್ ಸುತ್ತಲಿ. ಅಣ್ಣಾ, ನೀನು ಆತುರಗಾರ, ಮುಟ್ಟಬೇಡ." ಕೆಳಗೆ ನಾಲಿಗೆ ಚಾಚಿದ ಒಂದು ಮುಖದ ಚಿತ್ರ. ನೀನು ತಮಾಷೆಗೆ ಬರೆದೆ. ನಾನೂ ನಕ್ಕೆ. ನಿನ್ನ ಅತ್ತಿಗೆಗೆ ಓದಿ ಹೇಳಿ ಅವಳನ್ನೂ ನಗಿಸಿದೆ. ಆದರೆ ಮೂರು ದಿನ ಆ ಚೀಟಿ ನನ್ನ ಅಂಗಿಯ ಜೇಬಿನಲ್ಲೇ ಇತ್ತು, ಗುಬ್ಬೀ. ಹದಿನೈದು ವರ್ಷದಿಂದ ಈ ಸೈಕಲ್ ಅಂಗಡಿಯ ಬಾಗಿಲು ತೆರೆಯುವವನು ನಾನು. ಆದರೂ ಗಿರಾಕಿ ಒಳಗೆ ಬಂದರೆ ಮೊದಲು ನನ್ನ ತಲೆಯ ಮೇಲಿಂದ ಇಣುಕಿ "ಯಜಮಾನರು ಇಲ್ವಾ?" ಅನ್ನುತ್ತಾರೆ. ಅದು ಅಭ್ಯಾಸವಾಗಿಹೋಗಿದೆ. ನೀನೂ ಹಾಗೆ ಅಂದದ್ದು ಮಾತ್ರ ಅಭ್ಯಾಸವಾಗಲಿಲ್ಲ.

ಅಪ್ಪ ಒಂದು ಸಂಜೆ ಪೂರ್ತಿ ಕೂತು ಎರಡೂ ಚಕ್ರ ಸುತ್ತಿದರು. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ತಪ್ಪು ಮಾಡಿದವನು ಪಾಠ ಒಪ್ಪಿಸಬೇಕಲ್ಲ. ಟ್ಯೂಬ್ ಇಲ್ಲದ ಚಕ್ರದಲ್ಲಿ ಗಾಳಿಯನ್ನು ಹಿಡಿದಿಡುವುದು ಟಯರು ಮತ್ತು ರಿಮ್ಮು, ಎರಡೇ. ರಿಮ್ಮಿನ ಒಳಗೆ ಕಡ್ಡಿಗಳ ತೂತುಗಳಿರುತ್ತವೆ. ಆ ತೂತುಗಳ ಬಾಯಿ ಮುಚ್ಚುವುದು ಟೇಪು. ಟೇಪು ಈ ಗೋಡೆಯಿಂದ ಆ ಗೋಡೆಯವರೆಗೆ ಮುಟ್ಟಬೇಕು, ಟಯರಿನ ಅಂಚು ಅದರ ಮೇಲೆ ಕೂತು ಅದನ್ನು ಅದುಮಿ ಹಿಡಿಯಬೇಕು. ಅದಕ್ಕೇ ಅಪ್ಪ ಮೊದಲು ರಿಮ್ಮಿನ ಒಳ ಅಗಲ ಅಳೆಯುತ್ತಾರೆ, ಮೂರು ಕಡೆ ಅಳೆಯುತ್ತಾರೆ, ಅದಕ್ಕೆ ಎರಡು ಮೂರು ಮಿಲಿಮೀಟರ್ ಸೇರಿಸಿ ಟೇಪ್ ಆರಿಸುತ್ತಾರೆ. ನಿನ್ನದು ಇಪ್ಪತ್ತೈದು. ಬೇಕಾದದ್ದು ಇಪ್ಪತ್ತೆಂಟರ ಸುರುಳಿ. ಬಿಳಿ ಬಟ್ಟೆಗೆ ಸ್ಪಿರಿಟ್ ಹಾಕಿ ರಿಮ್ ಒರೆಸಿದರು. ಆ ಬಟ್ಟೆಯನ್ನು ಅವರು ಬೇರೆಯೇ ಡಬ್ಬಿಯಲ್ಲಿ ಇಡುತ್ತಾರೆ, ನನ್ನ ಎಣ್ಣೆ ಬಟ್ಟೆಯ ಗಾಳಿ ಸೋಕಿದರೂ ಬೈಯುತ್ತಾರೆ. ವಾಲ್ವ್ ತೂತಿನ ಎಡಕ್ಕೆ ಒಂದು ಗೇಣು ಬಿಟ್ಟು ಶುರು ಮಾಡಿ, ಬಿಗಿಯಾಗಿ ಎಳೆಯುತ್ತಾ, ಹೆಬ್ಬೆರಳಿನಿಂದ ಒತ್ತುತ್ತಾ, ಪೂರ್ತಿ ಸುತ್ತು ಬಂದು ವಾಲ್ವ್ ದಾಟಿ ಬಲಕ್ಕೆ ಒಂದು ಗೇಣಿನಲ್ಲಿ ನಿಲ್ಲಿಸಿದರು. ವಾಲ್ವ್ ಇರುವಲ್ಲಿ ಎರಡು ಪದರ ಇರಬೇಕು ಎನ್ನುವುದು ಅವರ ಮಾತು. ಅಲ್ಲಿ ದಪ್ಪ ಇರಬಾರದು, ಟೇಪಿನ ತುದಿಗಳ ಜೋಡಣೆ ಎದುರು ಭಾಗಕ್ಕೆ ಬರಬೇಕು ಎನ್ನುವುದು ನನ್ನ ಮಾತು. ಈ ಜಗಳದಲ್ಲಿ ಎಷ್ಟು ಸಲ ಚಹಾ ಆರಿದೆ ಎಂದು ನಿನಗೇ ಗೊತ್ತು. ಅಂತೂ ಎರಡೂ ಚಕ್ರ ಮುಗಿಸಿ ಗೂಟಕ್ಕೆ ನೇತುಹಾಕಿ, "ಹುಡುಗಿ ಗಾಳಿ ಹಾಗೆ ಹೋಗ್ತಾಳೆ ನೋಡು" ಅಂದರು. ಸುರುಳಿ ಮುಗಿದು ಉಳಿದ ರಟ್ಟಿನ ಖಾಲಿ ಉರುಟನ್ನು ಬೆರಳಿಗೆ ಉಂಗುರದ ಹಾಗೆ ಸಿಕ್ಕಿಸಿಕೊಂಡು ಮನೆಗೆ ನಡೆದರು.

ಆ ಖಾಲಿ ಉರುಟನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ ತಲೆಗೆ ಹೋಗಲಿಲ್ಲ.

ಮರುದಿನ ಹನ್ನೊಂದಕ್ಕೆ ಚಕ್ರಗಳನ್ನು ಒಯ್ಯಲು ಸಾಗಣೆ ಗಾಡಿ ಬರುವುದಿತ್ತು. ನಾನು ಎಂಟಕ್ಕೇ ಅಂಗಡಿ ತೆರೆದೆ. ಅಪ್ಪ ಬರುವುದು ಹನ್ನೊಂದೂವರೆಗೆ, ಅವತ್ತು ಅವರಿಗೆ ಹಲ್ಲಿನ ಡಾಕ್ಟರ ಹತ್ತಿರ ಕೆಲಸವಿತ್ತು. ಹಿಂದಿನ ಚಕ್ರ ಇಳಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಸುಕ್ಕು ಸಿಗಲಿ ಎಂದು ಹುಡುಕಿದೆ, ಗುಬ್ಬೀ. ಎಪ್ಪತ್ತು ದಾಟಿದ ಕೈ, ಎಲ್ಲೋ ಒಂದು ಗಾಳಿಗುಳ್ಳೆಯಾದರೂ ಇರಲೇಬೇಕು ಎಂದುಕೊಂಡೆ. ಎರಡು ಸುತ್ತು ತಿರುಗಿಸಿದೆ. ಇರಲಿಲ್ಲ. ನೀರಿನ ಮೇಲೆ ಎಣ್ಣೆ ಹರಡಿದ ಹಾಗೆ ಕೂತಿತ್ತು ಆ ಟೇಪು.

ಆದರೂ ಬಿಚ್ಚಿದೆ.

ಯಾಕೆ ಅಂತ ನೀನು ಕೇಳುತ್ತೀಯಾ, ಕೇಳಲೇಬೇಕು. ನೀನು ಗೆದ್ದು ಬರುತ್ತೀಯಾ, ಎಲ್ಲರೂ ಮನೆಯಲ್ಲಿ ಕೂತು ಊಟ ಮಾಡುತ್ತಿರುತ್ತೇವೆ, ನೀನು "ಅಪ್ಪನ ಕೈಗುಣ" ಅನ್ನುತ್ತೀಯಾ, ಆಗ ನಾನು ಆ ಚೀಟಿಯನ್ನು ಜೇಬಿನಿಂದ ತೆಗೆದು ನಿನ್ನ ತಟ್ಟೆಯ ಪಕ್ಕ ಇಟ್ಟು, "ಹಿಂದಿನ ಚಕ್ರ ಈ ಆತುರಗಾರ ಸುತ್ತಿದ್ದು ಕಣೇ" ಅನ್ನಬೇಕು. ಇಷ್ಟೇ ಇದ್ದದ್ದು. ಆ ಒಂದು ಮಾತಿಗೋಸ್ಕರ. ಅದನ್ನು ಹೇಗೆ ಹೇಳಬೇಕು, ಎಷ್ಟು ಹೊತ್ತು ಸುಮ್ಮನಿದ್ದು ಹೇಳಬೇಕು ಎಂದು ಅಂಗಡಿಯ ಕನ್ನಡಿಯ ಮುಂದೆ ಅಭ್ಯಾಸ ಕೂಡ ಮಾಡಿದ್ದೆ.

ಟೇಪ್ ಒಮ್ಮೆ ಬಿಚ್ಚಿದರೆ ಮತ್ತೆ ಅಂಟುವುದಿಲ್ಲ. ಅಪ್ಪನದನ್ನು ಉಂಡೆ ಕಟ್ಟಿ ಕಸಕ್ಕೆ ಹಾಕಿದ ಮೇಲೆ ಕಪಾಟು ತೆಗೆದು ನೋಡುತ್ತೇನೆ, ಇಪ್ಪತ್ತೆಂಟರ ಸುರುಳಿ ಇಲ್ಲ. ಇದ್ದದ್ದು ಇಪ್ಪತ್ತೈದರದ್ದು ಒಂದೇ. ಸೇತುವೆಯಾಚೆಯ ಅಂಗಡಿಯಲ್ಲಿ ಸಿಗುತ್ತದೆ, ಹೋಗಿ ಬರಲು ಮುಕ್ಕಾಲು ಗಂಟೆ. ಅಲ್ಲಿಯ ಮಾಲೀಕ ಬಾಯಿಬಡುಕ, ಸಂಜೆಯೊಳಗೆ ಅಪ್ಪನ ಕಿವಿಗೆ ಹಾಕುತ್ತಾನೆ. ಒಳ ಅಗಲ ಇಪ್ಪತ್ತೈದು, ಟೇಪು ಇಪ್ಪತ್ತೈದು, ಸರಿಹೋಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸುತ್ತಿದೆ. ನನ್ನ ರೀತಿಯಲ್ಲಿ, ವಾಲ್ವಿನ ಎದುರು ಭಾಗದಿಂದ. ನೋಡಲು ಚೆನ್ನಾಗಿಯೇ ಇತ್ತು. ಆದರೆ ರಿಮ್ಮಿನ ನಡುವೆ ಹಳ್ಳವಿರುತ್ತದೆ. ಟೇಪು ಆ ಹಳ್ಳಕ್ಕೆ ಇಳಿದು ಹತ್ತುವಾಗ ಅಗಲ ಸಾಲದೆ ಎರಡೂ ಅಂಚುಗಳಲ್ಲಿ ಕೂದಲೆಳೆಯಷ್ಟು ಜಾಗ ಬಿಟ್ಟುಕೊಂಡಿತು. ಟಯರು ಹಾಕಿ ಗಾಳಿ ಹೊಡೆದೆ, ಸೋಪಿನ ನೀರು ಸುರಿದೆ, ಗುಳ್ಳೆ ಬರಲಿಲ್ಲ. ಅಷ್ಟು ಸಾಕಾಯಿತು ನನಗೆ. ಸೋರಿಕೆ ಮುಚ್ಚಲು ಒಳಗೆ ಹಾಕುವ ಬಿಳಿ ದ್ರವ ಆ ಹೊತ್ತಿಗೆ ಆ ಕೂದಲೆಳೆಯನ್ನು ಮುಚ್ಚಿರಬೇಕು. ಡಬ್ಬದೊಳಗೆ ನಾನೇ ಒಂದು ಚೀಟಿ ಬರೆದು ಹಾಕಿದೆ: "ಎರಡೂ ಅಪ್ಪನೇ ಸುತ್ತಿದ್ದು." ಅದನ್ನು ಬರೆಯುವಾಗ ನಗು ತಡೆಯಲಾಗಲಿಲ್ಲ. ಆ ಚೀಟಿ ನಿನ್ನ ಹತ್ತಿರ ಈಗಲೂ ಇದ್ದರೆ ದಯವಿಟ್ಟು ಹರಿದುಹಾಕು.

ಆಮೇಲಿನದು ನಿನಗೇ ಹೆಚ್ಚು ಗೊತ್ತು. ಗುಡ್ಡದ ಇಳಿಜಾರು, ಇನ್ನು ಮೂರೇ ತಿರುವು, ನಿನ್ನ ಮುಂದೆ ಒಬ್ಬಳೇ. ಬ್ರೇಕಿನ ಬಿಸಿಗೆ ಅಂಟು ಸಡಿಲವಾಗಿ ಟೇಪು ಪಕ್ಕಕ್ಕೆ ಸರಿದಿರಬೇಕು. ಕಡ್ಡಿಯ ತೂತು ಬಾಯಿಬಿಟ್ಟಿತು. ಎರಡು ವರ್ಷ ಬೆಳಗಿನ ನಿದ್ದೆ ಬಿಟ್ಟು ಮಾಡಿದ ಸಾಧನೆ ಒಂದು ಉಸಿರಿನಲ್ಲಿ ಹೊರಗೆ ಹೋಯಿತು.

ನೀನು ಆಸ್ಪತ್ರೆಯಿಂದ ಫೋನ್ ಮಾಡಿದಾಗ ನನ್ನ ಕೈ ಗ್ರೀಸಿನಲ್ಲಿತ್ತು. ಸ್ಪೀಕರ್ ಹಾಕಿ ಫೋನನ್ನು ಕೆಲಸದ ಮೇಜಿನ ಮೇಲೆ ಇಟ್ಟಿದ್ದೆ. ಅಪ್ಪ ಆಚೆ ಬದಿಯಲ್ಲಿ ಕೂತು ಯಾರದೋ ಚಕ್ರದ ಕಡ್ಡಿ ಬಿಗಿಯುತ್ತಿದ್ದರು. ಅವರು ಅಲ್ಲಿದ್ದಾರೆಂದು ನಿನಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ನೀನು ಆ ಮಾತು ಆಡುತ್ತಿರಲಿಲ್ಲ. "ಅಣ್ಣಾ, ಟೇಪ್ ಜಾರಿದೆ ಅಂತ ಇಲ್ಲಿ ಮೆಕ್ಯಾನಿಕ್ ಹೇಳಿದ್ರು. ಇನ್ನು ಅಪ್ಪನ ಕೈಗೆ ಚಕ್ರ ಕೊಡಬೇಡ. ಅವರಿಗೆ ಬೇಜಾರಾಗದ ಹಾಗೆ ನೀನೇ ಹೇಗಾದರೂ ಹೇಳು, ವಯಸ್ಸಾಯ್ತು ಪಾಪ." ನಾನು ಹೇಳಬೇಕಾದ ಜಾಗ ಅದು. ಬಾಯಿ ತೆರೆದೆ. ಬಾಯಿಂದ ಬಂದದ್ದು "ಹೂಂ, ನೋಡ್ತೀನಿ."

ಅಪ್ಪ ಕಡ್ಡಿ ಬಿಗಿಯುವ ಕೀಲಿಯನ್ನು ಮೇಜಿನ ಮೇಲೆ ಇಟ್ಟರು. ಸದ್ದಾಗದ ಹಾಗೆ ಇಟ್ಟರು. ಕೆಲಸದ ಕನ್ನಡಕ ತೆಗೆದು ಒರೆಸಿದರು, ಅಂಗಿಯ ಮೇಲೆ ಕಟ್ಟಿಕೊಂಡಿದ್ದ ಮುಂಗವಚ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಖಾನೆಯೊಳಗಿಟ್ಟು, ಅದರ ಮೇಲೆ ಕನ್ನಡಕ ಇಟ್ಟು ಖಾನೆ ಮುಚ್ಚಿದರು. "ಅವಳು ಹೇಳಿದ್ದು ಸರಿಯಾಗಿದೆ ಕಣೋ. ಹೆಬ್ಬೆರಳಲ್ಲಿ ಮೊದಲಿನ ಹಾಗೆ ಗೊತ್ತಾಗಲ್ಲ ಈಗ" ಅಂದರು. ಅವರ ಹೆಬ್ಬೆರಳಿಗೆ ಎಲ್ಲವೂ ಗೊತ್ತಾಗುತ್ತದೆ ಎಂದು ನನಗೊಬ್ಬನಿಗೇ ಗೊತ್ತಿತ್ತು. ಅವರು ಮೆಟ್ಟಿಲಿಳಿದು ರಸ್ತೆ ದಾಟುವವರೆಗೂ ನಾನು ಗ್ರೀಸ್ ಒರೆಸಿಕೊಳ್ಳುತ್ತಲೇ ಇದ್ದೆ. ಕೈ ಯಾವಾಗಲೋ ಸ್ವಚ್ಛವಾಗಿತ್ತು.

ಆರು ವಾರ, ಗುಬ್ಬೀ. ಆರು ವಾರ ಅವರು ಅಂಗಡಿಯ ಕಡೆ ತಲೆ ಹಾಕಲಿಲ್ಲ. ಎದುರಿನ ಬೇಕರಿಯಾಕೆ ದಿನಾ ಬೆಳಗ್ಗೆ ಕೂಗುತ್ತಿದ್ದಳು, "ಏನಪ್ಪಾ, ಯಜಮಾನರಿಗೆ ರಜೆ ಕೊಟ್ಟುಬಿಟ್ಟೆಯಾ? ಎಷ್ಟು ದೊಡ್ಡವನಾಗಿಬಿಟ್ಟೆ!" ನಾನು ಹಲ್ಲು ಕಿರಿಯುತ್ತಿದ್ದೆ. ಇನ್ನೊಂದು ಹೇಳುತ್ತೇನೆ, ಬಚ್ಚಿಟ್ಟರೆ ಕಾಗದ ಬರೆದೂ ಪ್ರಯೋಜನವಿಲ್ಲ. ಮೊದಲ ವಾರ ನನಗೆ ಒಂದು ಚೂರು ಹಿತವೂ ಆಗಿತ್ತು. ಗಿರಾಕಿಗಳು ನನ್ನ ಮುಖ ನೋಡಿ ಮಾತಾಡುತ್ತಿದ್ದರು. ನನ್ನ ತಲೆಯ ಮೇಲಿಂದ ಯಾರೂ ಇಣುಕುತ್ತಿರಲಿಲ್ಲ.

ಆ ಹಿತ ಕರಗಿದ್ದು ನಿನ್ನ ಅತ್ತಿಗೆಯ ಒಂದು ಮಾತಿನಿಂದ. ಊಟಕ್ಕೆ ಬಡಿಸುತ್ತಾ, "ಮಾವ ಒಂದು ಹೊಸ ವ್ಯಾಯಾಮ ಹಿಡಿದಿದ್ದಾರೆ ಗೊತ್ತಾ?" ಅಂದಳು. ಲೋಟದ ತುಂಬ, ಅಂಚು ಮುಟ್ಟುವಷ್ಟು ನೀರು ತುಂಬಿಕೊಳ್ಳುತ್ತಾರಂತೆ. ಅಡುಗೆಮನೆಯಿಂದ ಮುಂಬಾಗಿಲವರೆಗೆ ಒಂದೊಂದೇ ಹೆಜ್ಜೆ ನಡೆಯುತ್ತಾರಂತೆ. ಆಮೇಲೆ ಹಿಂದಕ್ಕೆ ತಿರುಗಿ, ನಡೆದ ದಾರಿಯಲ್ಲಿ ಬಗ್ಗಿ ನೆಲ ಸವರಿ ನೋಡುತ್ತಾರಂತೆ, ಹನಿ ಬಿದ್ದಿದೆಯೇ ಎಂದು. ದಿನಕ್ಕೆ ನಾಲ್ಕೈದು ಸಲ. "ಬೀಳುತ್ತಾ?" ಅಂತ ಕೇಳಿದೆ. "ಮೊದಮೊದಲು ಬೀಳ್ತಿರಲಿಲ್ಲ. ಈಗ ಬೀಳುತ್ತೆ. ಅಷ್ಟು ಹೆದರಿ ಹಿಡಿದರೆ ಯಾರ ಕೈಯಲ್ಲಾದರೂ ಬೀಳದೆ ಇರುತ್ತಾ?" ಅಂದಳು. ನಡುಗದ ಕೈಗೆ ನಡುಕ ಕಲಿಸಿದವನು ನಾನು. ಅಮ್ಮ ಇದ್ದಿದ್ದರೆ ನನ್ನ ಮುಖ ನೋಡಿಯೇ ಹಿಡಿದುಬಿಡುತ್ತಿದ್ದಳು. ಅವಳಿಲ್ಲವಲ್ಲ ಎಂದು ಮೊದಲ ಸಲ ಸಮಾಧಾನಪಟ್ಟೆ. ನಾಚಿಕೆ ಎಲ್ಲಿಯವರೆಗೆ ಹೋಗುತ್ತದೆ ನೋಡು.

ಹೋದ ಗುರುವಾರ ಸ್ಪರ್ಧೆಯವರು ನಿನ್ನ ಮುರಿದ ಚಕ್ರವನ್ನು ಅಂಗಡಿಯ ವಿಳಾಸಕ್ಕೆ ಕಳಿಸಿದರು. ಡಬ್ಬದ ಮೇಲೆ ನಿನ್ನ ಹೆಸರು ನೋಡಿದ ಕೂಡಲೇ ಅಟ್ಟಕ್ಕೆ ಏರಿಸಿ ಹಳೆಯ ಸೀಟುಗಳ ಹಿಂದೆ ತಳ್ಳಿದೆ. ಆದರೆ ಡಬ್ಬ ತಂದವನು ಮನೆಯ ದಾರಿಯಲ್ಲಿ ಅಪ್ಪನಿಗೆ ಸಿಕ್ಕಿ ಹೇಳಿಯೇ ಹೋಗಿದ್ದ. ಮಧ್ಯಾಹ್ನ ಅಪ್ಪ ಬಂದರು. ಆರು ವಾರದ ಮೇಲೆ ಮೊದಲ ಸಲ, ಬೇರೆಯವರ ಮನೆಗೆ ಬಂದ ಹಾಗೆ ಹೊಸ್ತಿಲಲ್ಲಿ ನಿಂತರು. "ಆ ಚಕ್ರ ತೆಗಿ. ನನ್ನ ತಪ್ಪು ನಾನು ಒಂದು ಸಲ ನೋಡಬೇಕು" ಅಂದರು. "ಬಿಡಿ ಅಪ್ಪಾ, ಈಗ ಯಾಕೆ" ಅಂದೆ. "ನೋಡದೆ ಇದ್ದರೆ ನಿದ್ದೆ ಬರಲ್ಲ ಕಣೋ" ಅಂದರು.

ಇಳಿಸಿ ಕೊಟ್ಟೆ. ಖಾನೆ ತೆಗೆದು ಕನ್ನಡಕ ಹಾಕಿಕೊಂಡರು, ಮುಂಗವಚ ಮುಟ್ಟಲಿಲ್ಲ. ಟಯರು ಬಿಡಿಸಿ ರಿಮ್ಮಿನೊಳಗೆ ಹೆಬ್ಬೆರಳು ಇಟ್ಟು ಸವರುತ್ತಾ ಹೋದರು. ವಾಲ್ವಿನ ಹತ್ತಿರ ಬಂದಾಗ ಬೆರಳು ನಿಂತಿತು. ಹಿಂದೆ ಹೋಯಿತು, ಮುಂದೆ ಬಂತು. ಅಲ್ಲಿ ಒಂದೇ ಪದರ. ಆಮೇಲೆ ನಿಧಾನಕ್ಕೆ ಚಕ್ರ ತಿರುಗಿಸಿ ಎದುರು ಭಾಗಕ್ಕೆ ಹೋದರು. ಅಲ್ಲಿ ಜೋಡಣೆ ಸಿಕ್ಕಿತು. ಟೇಪಿನ ತುದಿ ಎಬ್ಬಿಸಿ ಅಗಲ ನೋಡಿದರು. ಅಳತೆಯ ಪಟ್ಟಿ ತೆಗೆದುಕೊಳ್ಳಲೂ ಇಲ್ಲ. ನಾನು ಗೋಡೆಯ ಮೇಲಿನ ಪಾನಾಗಳನ್ನು ಎಣಿಸುತ್ತಿದ್ದೆ.

"ಇದು ಇಪ್ಪತ್ತೈದು ಅಲ್ವೇನೋ?"

"ಹೂಂ."

"ನಾನು ಸುತ್ತಿದ್ದು ಬಿಚ್ಚಿದೆಯಾ?"

"ಹೂಂ ಅಪ್ಪಾ."

ಕೆನ್ನೆಗೆ ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದು ಬಯಸಿದೆ. ಅವರು ನನ್ನ ಮುಖ ನೋಡದೆ, ಚಿಕ್ಕ ದನಿಯಲ್ಲಿ ಕೇಳಿದರು, "ಅದರಲ್ಲಿ ಸುಕ್ಕು ಏನಾದ್ರೂ ಇತ್ತಾ?"

ಗುಬ್ಬೀ, ಅಷ್ಟೇ ಅವರು ಕೇಳಿದ್ದು. ಬೈಗುಳವಿಲ್ಲ, ಯಾಕೆ ಅಂತಿಲ್ಲ. "ಇರಲಿಲ್ಲ ಅಪ್ಪಾ. ಒಂದೂ ಇರಲಿಲ್ಲ" ಅಂದೆ. ಅವರು ಎರಡೂ ಕೈಗಳನ್ನು ಮುಂದೆ ಚಾಚಿ, ಅಂಗೈ ಮೇಲೆ ಕೆಳಗೆ ಮಾಡಿ, ಕಳೆದುಹೋದ ಕರು ಮನೆಗೆ ಬಂದರೆ ಮೈ ತಡವಿ ನೋಡುತ್ತಾರಲ್ಲ, ಹಾಗೆ ನೋಡಿಕೊಂಡರು. ಆಮೇಲೆ ನಕ್ಕರು. ಅವರಿಗೆ ಸಿಟ್ಟು ಬಂದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಅವರಿಗೆ ಸಂತೋಷವಾಗಿತ್ತು. ನಾನು ಗಿರಾಕಿಗಳ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡೆ. ನಲವತ್ತಾರು ವರ್ಷದ ಗಂಡಸು, ಹಗಲು ಹೊತ್ತು, ಬಾಗಿಲು ತೆರೆದ ಅಂಗಡಿಯಲ್ಲಿ. ಬೇಕರಿಯಾಕೆ ಆಚೆಯಿಂದ ನೋಡಿದಳು, ಅವತ್ತು ಏನೂ ಕೂಗಲಿಲ್ಲ.

ಅಪ್ಪ ಮುಂಗವಚ ಬಿಡಿಸಿ ಕಟ್ಟಿಕೊಂಡರು. ಎದುರಿನಿಂದ ಎರಡು ಲೋಟ ಚಹಾ ತಂದರು. ಅಂಚಿನವರೆಗೂ ತುಂಬಿತ್ತು, ರಸ್ತೆ ದಾಟಿ ಬಂದರೂ ಒಂದು ಹನಿ ಚೆಲ್ಲಲಿಲ್ಲ. ನನ್ನದನ್ನು ಕೈಗೆ ಕೊಟ್ಟು ಹೇಳಿದರು, "ಅವಳಿಗೆ ಹೇಳಬೇಡ. ಅಪ್ಪನ ಕೈ ತಪ್ಪಿತು ಅಂದ್ರೆ ವಯಸ್ಸು ಅಂತ ಮರೀತಾಳೆ. ಅಣ್ಣ ಬಿಚ್ಚಿದ ಅಂದ್ರೆ ಮರೆಯೋಳಲ್ಲ. ನನಗೆ ಗೊತ್ತಾಯ್ತಲ್ಲ, ಅಷ್ಟು ಸಾಕು. ನೀವಿಬ್ಬರು ಇನ್ನೂ ಬಹಳ ದಿನ ಒಬ್ಬರಿಗೊಬ್ಬರು ಬೇಕು."

ಅವರ ಮಾತನ್ನು ನಾನು ಜೀವನದಲ್ಲಿ ಬೇಕಾದಷ್ಟು ಸಲ ಮೀರಿದ್ದೇನೆ, ಹೆಚ್ಚಿನವು ನನ್ನ ಲಾಭಕ್ಕೆ. ಇದೊಂದನ್ನು ನನ್ನ ನಷ್ಟಕ್ಕೆ ಮೀರುತ್ತಿದ್ದೇನೆ. ನೀನು ಮರೆಯಬೇಡ. ಮರೆಯಬೇಕೆಂದು ನಾನು ಕೇಳುವುದೂ ಇಲ್ಲ. ಕೈ ಎತ್ತುವಾಗ ಹೆಗಲು ಚುಳುಕ್ ಎಂದರೆ ಅಪ್ಪನನ್ನು ನೆನೆಸಿಕೊಳ್ಳಬೇಡ, ನನ್ನನ್ನು ನೆನೆಸಿಕೊ.

ಅತ್ತಿಗೆ ಮೂಗು ಒರೆಸಿಕೊಳ್ಳುತ್ತಲೇ ನಿನಗೆ ಪ್ರೀತಿ ಹೇಳಿದ್ದಾಳೆ. ಇದನ್ನೆಲ್ಲ ಅವಳಿಗೂ ಹೇಳಿದ್ದೇನೆ, ಎರಡು ದಿನ ಮಾತು ಬಿಟ್ಟಿದ್ದಳು. ನೀನು ನೂರು ವರ್ಷ ಗಟ್ಟಿಯಾಗಿ ಬಾಳು, ಇಳಿಜಾರುಗಳೆಲ್ಲ ನಿನಗೆ ದಾರಿ ಬಿಡಲಿ.

ಇಂತಿ,
ತಲೆ ತಗ್ಗಿಸಿಕೊಂಡು ಬರೆದ
ನಿನ್ನ ಅಣ್ಣ

ಲಕೋಟೆ ಅಂಟಿಸುವ ಮೊದಲು: ಸಾಗಣೆ ಗಾಡಿ ಬಂದು ನಿಂತಿದೆ, ಚಾಲಕ ಹಾರನ್ ಒತ್ತುತ್ತಿದ್ದಾನೆ. ಕಾಗದ ಬರೆಯುತ್ತಿದ್ದೇನೆಂದು ಅಪ್ಪನಿಗೆ ಗೊತ್ತಾಗಿದೆ. ಭಾನುವಾರ ಅವರು ನಿನಗೆ ಫೋನ್ ಮಾಡಿ, ತಪ್ಪು ತಮ್ಮದೇ, ಅಣ್ಣ ತಮ್ಮನ್ನು ಉಳಿಸಲು ಸುಳ್ಳು ಬರೆದಿದ್ದಾನೆ ಎಂದು ಹೇಳುವವರಿದ್ದಾರೆ. ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದದ್ದು ನನಗೆ ಕೇಳಿಸಿತು. ನಂಬಬೇಡ. ಅದಕ್ಕೆ ಮೊದಲು ನೀನೇ ಅವರಿಗೆ ಫೋನ್ ಮಾಡು, ಅವರ ಕೈ ಬೇಕು ಅನ್ನು, ಅಷ್ಟೇ ಅನ್ನು ಸಾಕು. ಇದರ ಜೊತೆ ಹೊಸ ಹಿಂದಿನ ಚಕ್ರ ಬರುತ್ತಿದೆ. ಅಪ್ಪನೇ ಸುತ್ತಲಿ ಎಂದು ನಾನು ಎಷ್ಟು ಬೇಡಿಕೊಂಡರೂ ಅವರು ಕೇಳದೆ, ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತು ನನ್ನಿಂದಲೇ ಸುತ್ತಿಸಿದರು. ವಾಲ್ವಿನ ಎಡಕ್ಕೆ ಒಂದು ಗೇಣಿನಿಂದ. ಚೀಟಿಯಲ್ಲಿ "ಅಣ್ಣ ಸುತ್ತಿದ್ದು" ಎಂದೇ ಬರೆದಿದ್ದೇನೆ. ಡಬ್ಬದ ತಳದಲ್ಲಿ ಇಪ್ಪತ್ತೆಂಟರ ಸುರುಳಿ ಒಂದು ಇಟ್ಟಿದ್ದೇನೆ, ಹೊಸದು, ಒಡೆದಿಲ್ಲ. ನನ್ನ ಕೆಲಸದ ಮೇಲೆ ನಂಬಿಕೆ ಬಾರದಿದ್ದರೆ ಬಿಚ್ಚಿ ಎಸೆದು ನೀನೇ ಸುತ್ತಿಕೋ. ಬಿಚ್ಚುವ ಮೊದಲು ಸುಕ್ಕು ಇದೆಯೇ ಎಂದು ನೋಡಬೇಕಾಗಿಯೂ ಇಲ್ಲ.